ಮೊದಲು ಅತಿಥಿಗಳ ಪಟ್ಟಿ, ಆಮೇಲೆ ಹಣದ ಹಂಚಿಕೆ

ಮದುವೆಗೆಂದು ಒಂದು ಮೊತ್ತ ನಿಗದಿಯಾಗಿದೆ, ಯಾವ ಬಾಬತ್ತಿಗೆ ಶೇಕಡಾ ಎಷ್ಟು ತೆಗೆದಿಡಬೇಕು, ಅತಿಥಿಗಳ ಪಟ್ಟಿಯನ್ನು ನಂತರ ಮಾಡಿದರೆ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ದಯವಿಟ್ಟು ಪಟ್ಟಿಯನ್ನೇ ಮೊದಲು ಮಾಡಿ. ಊಟ, ಕುರ್ಚಿ, ಆಮಂತ್ರಣ ಪತ್ರಿಕೆ ಇವೆಲ್ಲ ತಲೆಲೆಕ್ಕದ ಮೇಲೆ ಏರಿಳಿಯುವ ಖರ್ಚುಗಳು; ಛಾಯಾಗ್ರಹಣ, ಉಡುಪುಗಳ ಖರ್ಚಾದರೋ 300 ಜನ ಬಂದರೂ 250 ಜನ ಬಂದರೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಹಣ ಸಾಲದೆನಿಸಿದಾಗ ಅಲಂಕಾರದಲ್ಲಿ ಅಷ್ಟಿಷ್ಟು ಕಡಿತ ಮಾಡುವುದಕ್ಕಿಂತ, ಮನಸ್ಸಿಗೆ ಕಷ್ಟವಾದರೂ ಪಟ್ಟಿಯಿಂದ 50 ಹೆಸರುಗಳನ್ನು ಇಳಿಸುವುದರಿಂದ ಸಾಮಾನ್ಯವಾಗಿ ಹೆಚ್ಚು ಉಳಿತಾಯವಾಗುತ್ತದೆ.

ಸಿದ್ಧ ಶೇಕಡಾವಾರು ಸೂತ್ರಗಳನ್ನು ನಾನು ನೆಚ್ಚುವುದಿಲ್ಲ. ನೀವಿಬ್ಬರೂ ಬೇರೆ ಬೇರೆಯಾಗಿ ಕುಳಿತು, ಬಿಟ್ಟುಕೊಡಲಾಗದ ಮೂರು ಸಂಗತಿಗಳನ್ನು ಬರೆದು, ಮೊದಲು ಅವುಗಳಿಗೆ ಹಣ ತೆಗೆದಿಡಿ. ಒಟ್ಟು ಮೊತ್ತದ ಶೇ. 10ರಷ್ಟನ್ನಾದರೂ ಯಾವ ಬಾಬತ್ತಿಗೂ ಸೇರಿಸದೆ ಹಾಗೆಯೇ ಇಟ್ಟುಕೊಳ್ಳಿ.

ನನ್ನ ತಂಗಿಯ ಮದುವೆಯಲ್ಲಿ ಲೆಕ್ಕದ ಪುಸ್ತಕ ನನ್ನ ಕೈಯಲ್ಲಿತ್ತು. ಅಂದಾಜು, ಮುಂಗಡ, ಬಾಕಿ ಎಂದು ಮೂರು ಕಾಲಂ ಎಳೆದಿದ್ದೆನೇ ಹೊರತು ಬಾಕಿ ತೀರಿಸಬೇಕಾದ ದಿನಾಂಕಕ್ಕೆ ಜಾಗ ಬಿಟ್ಟಿರಲಿಲ್ಲ. ಹೀಗಾಗಿ ಕೊನೆಯ ವಾರದಲ್ಲಿ ನಾಲ್ಕು ಬಾಕಿಗಳು ಒಟ್ಟಿಗೆ ಎದುರಾಗಿ, ಒಟ್ಟು ಬಜೆಟ್ ಮೀರದಿದ್ದರೂ ಕೈಸಾಲ ಮಾಡಬೇಕಾಯಿತು. ಆ ನಾಲ್ಕನೆಯ ಕಾಲಂ ಅನ್ನು ನೀವು ಇಂದೇ ಎಳೆಯಿರಿ.

ಮುಂಗಡ ಕೊಡುವ ಮುನ್ನ, ಹೇಳಿದ ದರದಲ್ಲಿ ತೆರಿಗೆ, ಸಾಗಣೆ, ಹೆಚ್ಚುವರಿ ಗಂಟೆಗಳ ಶುಲ್ಕ ಸೇರಿದೆಯೇ, ದಿನಾಂಕ ಬದಲಾದರೆ ಎಷ್ಟು ಹಣ ಹಿಂದಿರುಗುತ್ತದೆ ಎಂಬುದನ್ನು ಬರಹದಲ್ಲೇ ಪಡೆದುಕೊಳ್ಳಿ.