ಐವತ್ತು ಸಾವಿರ ಪೌಂಡ್ ಹೊಂದಿಸಿ, ಆಮೇಲೆ ಅರ್ಜಿ ಹಾಕಿ

ಪ್ರಶ್ನೆ: ಮೇಡಂ, ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ವಿಜ್ಞಾನದ ಲ್ಯಾಬ್ ಬೇಕು. ಇಂಗ್ಲೆಂಡಿನಲ್ಲಿರುವ ಹಳೆ ವಿದ್ಯಾರ್ಥಿಯೊಬ್ಬರು, "ಇಲ್ಲಿ ಶಾಲೆಯವರೇ ಮೊದಲು ದೇಣಿಗೆ ತರಬೇಕಿತ್ತು, ಆಮೇಲೆ ಸರ್ಕಾರ ಕೊಡ್ತಿತ್ತು, ನೀವೂ ಹಾಗೇ ಮಾಡಿ" ಅಂತಾರೆ. ಅದೇನು ಪದ್ಧತಿ?
— ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ, ಶಿರಾ ತಾಲ್ಲೂಕು

ಉತ್ತರ: ಅವರು ಹೇಳಿದ್ದು ನಿಜ. ಅದು ಸ್ಪೆಷಲಿಸ್ಟ್ ಸ್ಕೂಲ್ ಯೋಜನೆ. ಸರ್ಕಾರದ ದುಡ್ಡಲ್ಲಿ ನಡೆಯುವ ಹೈಸ್ಕೂಲು ಮಾಮೂಲಿ ಪಾಠಗಳ ಜೊತೆಗೆ ಒಂದು ವಿಷಯಕ್ಕೆ ಒತ್ತು ಕೊಡಬೇಕಿತ್ತು. 1994ರಲ್ಲಿ ತಂತ್ರಜ್ಞಾನದಿಂದ ಶುರುವಾಯಿತು, ಆಮೇಲೆ ಭಾಷೆ, ಕ್ರೀಡೆ, ಕಲೆ ಎಲ್ಲ ಸೇರಿದವು. ಅರ್ಜಿ ಹಾಕೋಕೆ ಮೊದಲು ಖಾಸಗಿಯವರಿಂದ 1 ಲಕ್ಷ ಪೌಂಡ್ ಹೊಂದಿಸಬೇಕಿತ್ತು. ಅದು ತುಂಬಾ ಭಾರವಾಯಿತು, 1999ರಲ್ಲಿ 50,000ಕ್ಕೆ ಇಳಿಸಿದರು, ಚಿಕ್ಕ ಶಾಲೆಗಳಿಗೆ ಇನ್ನೂ ಕಡಿಮೆ. ಅಷ್ಟು ತಂದು ಆಯ್ಕೆಯಾದ ಶಾಲೆಗೆ ಸರ್ಕಾರ ಒಂದು ಸಲಕ್ಕೆ 1 ಲಕ್ಷ ಪೌಂಡ್ ಕೊಡುತ್ತಿತ್ತು, ಜೊತೆಗೆ ಪ್ರತಿ ಮಗುವಿನ ಲೆಕ್ಕದಲ್ಲಿ ವರ್ಷ ವರ್ಷವೂ ಹಣ. ಅದರಲ್ಲಿ ಒಂದು ಪಾಲನ್ನು ಅಕ್ಕಪಕ್ಕದ ಶಾಲೆಗಳಿಗೂ ಊರವರಿಗೂ ಖರ್ಚು ಮಾಡಬೇಕು ಅನ್ನುವ ನಿಯಮ ನನಗೆ ತುಂಬಾ ಹಿಡಿಸಿತು.

ಆದರೆ ಶುರುವಿನ ಆ ಶರತ್ತು ಸರಿಯಿಲ್ಲ ಅಂತಲೇ ನಾನು ಹೇಳೋದು. ದೊಡ್ಡ ಕಂಪನಿಗಳ ಮಗ್ಗುಲಲ್ಲಿರುವ ಶಾಲೆಗೆ ಐವತ್ತು ಸಾವಿರ ಸಿಗುತ್ತೆ. ಕಾರ್ಖಾನೆ, ಗಣಿ ಮುಚ್ಚಿ ಕೆಲಸ ಹೋದ ಊರಿನ ಹೆಡ್‌ಮಾಸ್ಟರು ಯಾರ ಬಾಗಿಲು ತಟ್ಟಬೇಕು? ಹೆಚ್ಚು ಬೇಕಾಗಿದ್ದವರಿಗೇ ಅದು ದೂರ, ಅಲ್ವಾ? ಹಣ ಹೊಂದಿಸೋಕೆ ಆಗದ ಶಾಲೆಗಳಿಗೆ ನೆರವಾಗೋಕೆ ಅಂತಲೇ ಆಮೇಲೆ ಒಂದು ನಿಧಿ ಮಾಡಬೇಕಾಯಿತು. ಕೊನೆಗೆ ಬಹುಪಾಲು ಹೈಸ್ಕೂಲುಗಳು ಸ್ಪೆಷಲಿಸ್ಟ್ ಆದವು, 2011ರಲ್ಲಿ ಈ ಯೋಜನೆಗೆ ಅಂತ ಪ್ರತ್ಯೇಕವಾಗಿ ಕೊಡುತ್ತಿದ್ದ ಹಣವೂ ನಿಂತಿತು.

ನಿಮ್ಮಲ್ಲಿ ಅಂಥ ಶರತ್ತೇ ಇಲ್ಲ. ಹಾಗಾಗಿ ದೇಣಿಗೆ ಕೂಡಲಿ ಅಂತ ಕಾಯಬೇಡಿ. ಲ್ಯಾಬ್ ಬೇಕು ಅಂತ ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಮಾಡಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಈಗಲೇ ಕೊಡಿ, ಸ್ವೀಕೃತಿ ತಗೊಳ್ಳಿ. ಹಳೆ ವಿದ್ಯಾರ್ಥಿಗಳು ಮನಸಾರೆ ಕೊಟ್ಟರೆ ಬೇಡ ಅನ್ನಬೇಡಿ, ರಸೀದಿ ಕೊಟ್ಟು ಲೆಕ್ಕವನ್ನು ಸಭೆಯಲ್ಲಿ ಓದಿ ಹೇಳಿ. ಒಂದು ಮಾತ್ರ ಮರೀಬೇಡಿ: ಮಗುವನ್ನು ಸೇರಿಸೋಕೆ ಬಂದ ಅಪ್ಪ ಅಮ್ಮನ ಹತ್ತಿರ ಆ ಹೊತ್ತಲ್ಲಿ ದೇಣಿಗೆ ಕೇಳಲೇಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಹಾಗೆ ವಸೂಲಿ ಮಾಡಿದರೆ ಪಡೆದ ಹಣದ 10 ಪಟ್ಟಿನವರೆಗೆ ದಂಡ ಬೀಳಬಹುದು.