ದೋಣಿ ತಡವಾದಲ್ಲಿಂದ ಕತೆ ಶುರುಮಾಡಿ

ಪ್ರಶ್ನೆ: ಐದನೇ ತರಗತಿಯ ಮಕ್ಕಳಿಗೆ ವಾರಕ್ಕೊಬ್ಬ ಸಾಧಕಿಯ ಕತೆ ಹೇಳುತ್ತೇನೆ. ‘ಇವರೇ ಮೊದಲ ಮಹಿಳೆ, ಇಂಥ ಪ್ರಶಸ್ತಿ ಬಂತು’ ಎಂದು ಬರೆದುಕೊಳ್ಳುತ್ತಾರೆ, ಮರುವಾರ ಹೆಸರೂ ನೆನಪಿರುವುದಿಲ್ಲ. ಹೇಗೆ ಹೇಳಲಿ?
– ಶಿಕ್ಷಕಿ, ಹಾವೇರಿ

ಉತ್ತರ: ಹುಟ್ಟು, ಓದು, ಪ್ರಶಸ್ತಿ ಎಂದು ಸಾಲಾಗಿ ಹೇಳಿದರೆ ಅದು ಬಯೋಡೇಟಾ. ಇಡೀ ಬದುಕು ಬೇಡ, ಒಂದು ದಿನ ಆರಿಸಿಕೊಳ್ಳಿ. ಕೆಲಸ ಕೈಕೊಟ್ಟ ದಿನವಾದರೆ ಇನ್ನೂ ಒಳ್ಳೆಯದು.

ಕೋಲ್ಕತ್ತದ ಈಜುಗಾರ್ತಿ ಆರತಿ ಸಾಹಾ ಅವರನ್ನೇ ನೋಡಿ. 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋದಾಗ ಅವರಿಗೆ 11 ವರ್ಷ, ಹೆಚ್ಚುಕಡಿಮೆ ನಿಮ್ಮ ಮಕ್ಕಳ ವಯಸ್ಸು. ಆದರೆ ಹೇಳಬೇಕಾದ ದಿನ 1959ರ ಆಗಸ್ಟ್ 27. ಅಂದು ಫ್ರಾನ್ಸ್ ದಡದಿಂದ ಇಂಗ್ಲಿಷ್ ಕಡಲ್ಗಾಲುವೆಗೆ ಇಳಿಯಬೇಕಿತ್ತು. ಜೊತೆಗೆ ಬರಬೇಕಿದ್ದ ದೋಣಿ 40 ನಿಮಿಷ ತಡವಾಯಿತು. ‘ಅಷ್ಟಕ್ಕೆ ಏನಾಗುತ್ತೆ ಮಿಸ್?’ ಎಂದು ಮಕ್ಕಳು ಕೇಳುವವರೆಗೆ ಕಾಯಿರಿ. ಅಲ್ಲಿ ಉಬ್ಬರ ಇಳಿತದ ಸೆಳೆತ ಸುಮಾರು ಆರು ಗಂಟೆಗೊಮ್ಮೆ ದಿಕ್ಕು ಬದಲಿಸುತ್ತದೆ. ಹೊರಡುವ ಹೊತ್ತು ತಪ್ಪಿದರೆ ಕೊನೆಯಲ್ಲಿ, ಕೈಕಾಲು ಸೋತಾಗ, ನೀರು ಎದುರಾಗುತ್ತದೆ. ಆದದ್ದೂ ಅದೇ: ದಡ ಇನ್ನೈದು ಮೈಲಿ ಇದ್ದಾಗ ಸೆಳೆತ ಎದುರಾಯಿತು, ಈಜು ಕೈಬಿಡಬೇಕಾಯಿತು. ಸೆಪ್ಟೆಂಬರ್ 29ರಂದು ಮತ್ತೆ ಇಳಿದರು. 16 ಗಂಟೆ 20 ನಿಮಿಷಕ್ಕೆ ಇಂಗ್ಲೆಂಡ್ ಮುಟ್ಟಿದರು.

ಈಗ ಬೋರ್ಡಿನ ಮೇಲೆ ಎರಡು ದಡ ಬರೆಯಿರಿ. ತೀರಾ ಕಿರಿದಾದ ಕಡೆ ನಡುವಿನ ಅಂತರ ಸುಮಾರು 33 ಕಿ.ಮೀ. ಆರತಿ ಈಜಿದ್ದು 42 ಮೈಲಿ, ಅಂದರೆ ಸುಮಾರು 68 ಕಿ.ಮೀ. ಹೆಚ್ಚಿನ ದೂರ ಎಲ್ಲಿಂದ ಬಂತು? ಸೆಳೆತ ಅಡ್ಡಡ್ಡ ಎಳೆಯುತ್ತದೆ, ದಾರಿ ಡೊಂಕಾಗುತ್ತದೆ. ಆ ಗೆರೆಯನ್ನು ಮಕ್ಕಳೇ ಎಳೆಯಲಿ. ‘ಏಷ್ಯಾದ ಮೊದಲ ಮಹಿಳೆ’ ಎಂಬುದನ್ನು ಆಮೇಲೆ ಒಂದು ಮಾತಿನಲ್ಲಿ ಹೇಳಿದರಾಯಿತು.

ಪ್ರಶ್ನೆ: ಕತೆ ರೋಚಕವಾಗಲಿ ಎಂದು ಸಂಭಾಷಣೆ ಸೇರಿಸಬಹುದೇ?
– ಗ್ರಂಥಾಲಯ ಮೇಲ್ವಿಚಾರಕಿ, ಗ್ರಾಮ ಪಂಚಾಯಿತಿ ಅರಿವು ಕೇಂದ್ರ

ಉತ್ತರ: ಬೇಡ. ನಿಜಕತೆ ಎಂದು ಹೇಳಿದ ಮೇಲೆ ಆಡದ ಮಾತನ್ನು ಬಾಯಿಗೆ ತುರುಕಬಾರದು. ಇಂಗ್ಲೆಂಡಿನ ಲೈಮ್ ರೀಜಿಸ್ ಎಂಬ ಕಡಲೂರಿನಲ್ಲಿ ಪಳೆಯುಳಿಕೆ ಹುಡುಕುತ್ತಿದ್ದ ಮೇರಿ ಆ್ಯನಿಂಗ್ ಬಗ್ಗೆ ‘ಹನ್ನೆರಡರ ಹುಡುಗಿ ಒಬ್ಬಳೇ ದೈತ್ಯ ಪ್ರಾಣಿಯನ್ನು ಅಗೆದು ತೆಗೆದಳು’ ಎಂದು ಹೇಳುವುದುಂಟು. ಆದರೆ 1811ರಲ್ಲಿ ಇಕ್ತಿಯೋಸಾರ್ ಎಂಬ ಪ್ರಾಚೀನ ಕಡಲ ಸರೀಸೃಪದ ತಲೆಬುರುಡೆ ಕಂಡದ್ದು ಅಣ್ಣ ಜೋಸೆಫ್‌ಗೆ. ಮರುವರ್ಷ ಉಳಿದ ಅಸ್ಥಿಪಂಜರ ಹುಡುಕಿದವಳು ಮೇರಿ, ಅಗೆದವರು ಕೂಲಿಯಾಳುಗಳು. ಅಣ್ಣನನ್ನು ಅಳಿಸಿದರೆ ಮೇರಿ ದೊಡ್ಡವಳಾಗುವುದಿಲ್ಲ.

ರೋಚಕ ಬೇಕೆಂದರೆ ಅವಳ ಕೆಲಸದಲ್ಲೇ ಇದೆ. ಚಳಿಗಾಲದ ಬಿರುಮಳೆಗೆ ಕಡಲಂಚಿನ ಗುಡ್ಡ ಕುಸಿದಾಗಲೇ ಹೊಸ ಪಳೆಯುಳಿಕೆ ಹೊರಬೀಳುವುದು. ಅಲೆ ಹೊತ್ತೊಯ್ಯುವ ಮುಂಚೆ ಹೋಗಿ ಆರಿಸಬೇಕು. ಅಂದರೆ ಗುಡ್ಡ ಇನ್ನೂ ಕುಸಿಯುತ್ತಿರುವಾಗಲೇ! 1833ರಲ್ಲಿ ಹಾಗೊಂದು ಕುಸಿತಕ್ಕೆ ಅವಳ ನಾಯಿ ಟ್ರೇ ಸತ್ತಿತು, ಅವಳು ಕೂದಲೆಳೆಯಲ್ಲಿ ಪಾರಾದಳು.

ಪ್ರಶ್ನೆ: ನಾನು ಏಳನೇ ಕ್ಲಾಸು. ಗೋಡೆಪತ್ರಿಕೆಗೆ ಬೆಂಗಳೂರಿಗೆ ಸಂಬಂಧಪಟ್ಟ ಮಹಿಳಾ ವಿಜ್ಞಾನಿ ಬೇಕು.
– ವಿದ್ಯಾರ್ಥಿನಿ, ತಿಪಟೂರು

ಉತ್ತರ: ಕಮಲಾ ಸೊಹೋನಿ ಅವರ ಬಗ್ಗೆ ಬರಿ, ಪುಟ್ಟಿ. 1933ರಲ್ಲಿ ಅವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ (ಭಾರತೀಯ ವಿಜ್ಞಾನ ಸಂಸ್ಥೆ) ಅರ್ಜಿ ಹಾಕಿದಾಗ, ಹೆಣ್ಣು ಎಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ಬೇಡವೆಂದರು. ಪಟ್ಟು ಬಿಡದೆ ಕೇಳಿದ ಮೇಲೆ ಒಂದು ವರ್ಷದ ಪರೀಕ್ಷಾವಧಿ ಸಿಕ್ಕಿತು. ರಾಮನ್ ಹೆಸರನ್ನು ಮುಚ್ಚಿಡಬೇಡ. ಅವರು ದೊಡ್ಡ ವಿಜ್ಞಾನಿ ಎಂಬುದೂ ನಿಜ, ಇದೂ ನಿಜ. ಮುಂದೆ ಕೇಂಬ್ರಿಜ್‌ನಲ್ಲಿ ಕಮಲಾ 1939ರಲ್ಲಿ ಪಿಎಚ್‌.ಡಿ. ಪಡೆದರು.

ನೂರಿಪ್ಪತ್ತು ಪದ ಮೀರದಿರಲಿ, ಒಂದು ಮಾರು ದೂರದಿಂದ ಓದುವಷ್ಟು ದಪ್ಪ ಅಕ್ಷರ ಇರಲಿ. ಇಸವಿಗಳನ್ನು ಎರಡು ಕಡೆ ನೋಡಿ ಖಚಿತ ಮಾಡಿಕೋ. ಬೆಂಗಳೂರಲ್ಲಿ ಅವರು ಸಂಶೋಧಿಸಿದ್ದು ಹಾಲು, ಬೇಳೆಕಾಳುಗಳಲ್ಲಿರುವ ಪ್ರೋಟೀನನ್ನು. ಆದ್ದರಿಂದ ಕೆಳಗೆ ತೊಗರಿ, ಹೆಸರು, ಕಡಲೆಯ ನಾಲ್ಕು ನಾಲ್ಕು ಕಾಳು ಅಂಟಿಸು. ಹಾಳೆಯನ್ನು ಒಂದು ರಾತ್ರಿ ನೆಲದ ಮೇಲೆ ಹಾಸಿಯೇ ಒಣಗಿಸು. ಗೋಂದು ಹಸಿಯಿರುವಾಗ ಗೋಡೆಗೆ ತೂಗುಹಾಕಿದರೆ ಕಾಳೆಲ್ಲ ಕೆಳಗೆ ಜಾರುತ್ತವೆ.