ಹಳೇ ಸ್ಕೆಲೆಟರ್ ಗೊಂಬೆ ಒರಿಜಿನಲ್ಲಾ, ಬೆಲೆ ಬಾಳುತ್ತಾ ಅಂತ ಹೇಗೆ ನೋಡೋದು?

ಅಟ್ಟದಲ್ಲಿ ಸಿಕ್ಕಿದ ಹೀ-ಮ್ಯಾನ್ ಅನ್ನೋ ಹೀರೋನ ವಿಲನ್ ಸ್ಕೆಲೆಟರ್ ಗೊಂಬೆ ಬೆನ್ನ ಮೇಲೆ 1981 ಅಂತಿದೆ, ಆ ವರ್ಷದ್ದೇನಾ ಅಂತ ಕೇಳಿದೀರ. ಅಲ್ಲ, ಅದು ಕಾಪಿರೈಟ್ ವರ್ಷ ಅಷ್ಟೇ, ಅಮೆರಿಕದ ಆಟಿಕೆ ಕಂಪನಿ ಮ್ಯಾಟೆಲ್‌ನೋರು ಗೊಂಬೆ ಬಿಟ್ಟಿದ್ದು 1982ರಲ್ಲಿ, ಟೀವಿ ಕಾರ್ಟೂನ್ ಬಂದಿದ್ದು 1983ರಲ್ಲಿ, ಆಮೇಲೂ ಅದೇ ಅಚ್ಚು ಓಡ್ತಾನೇ ಇತ್ತು. ವರ್ಷಕ್ಕಿಂತ ಮಾಡಿದ ದೇಶದ ಹೆಸರು ನೋಡಿ, ತೈವಾನ್, ಮಲೇಷ್ಯಾ, ಮೆಕ್ಸಿಕೋ ಅಂತ ಬೇರೆ ಬೇರೆ ಇರುತ್ತೆ, ನಮ್ಮ ಇಂಡಿಯಾದಲ್ಲಿ ಲಿಯೋ ಕಂಪನಿ ಮಾಡಿದ್ದೂ ಇದೆ, ಅದನ್ನೇ ಹುಡುಕೋ ಫಾರಿನ್ ಕಲೆಕ್ಟರ್‌ಗಳಿದಾರೆ!

ಸೊಂಟ ತಿರುಗಿಸಿ ಬಿಡಿ, ಸ್ಪ್ರಿಂಗ್ ಚೆನ್ನಾಗಿದ್ರೆ ಟಪ್ ಅಂತ ವಾಪಸ್ ಬರುತ್ತೆ. ಕಾಲು ಜೋಲಾಡ್ತಿದ್ರೆ ಒಳಗಿನ ರಬ್ಬರ್ ಹೋಗಿದೆ ಅಂತ, ಅದು ಕಾಮನ್ನು, ತಲೆ ಕೆಡಿಸ್ಕೋಬೇಡಿ. ನೇರಳೆ ಎದೆಕವಚ, ಟಗರಿನ ಬುರುಡೆ ಇರೋ ಕೋಲು, ಅರ್ಧ ಕತ್ತಿ (ಮುರಿದಿದ್ದಲ್ಲ, ಹೀ-ಮ್ಯಾನ್ ಕತ್ತಿ ಜೊತೆ ಜೋಡಿಸೋ ಅರ್ಧ ಭಾಗ) ಮೂರೂ ಇದ್ಯಾ? ಇಲ್ದಿದ್ರೆ ರೇಟು ಬಿದ್ದೋಗುತ್ತೆ. ಮುಖದ ಹಳದಿ ಸವೆದಿದ್ರೆ ದಯವಿಟ್ಟು ನೀವೇ ಪೇಂಟ್ ಬಳಿಯಕ್ಕೆ ಹೋಗ್ಬೇಡಿ, ಸವೆದಿರೋದೇ ಎಷ್ಟೋ ವಾಸಿ. ಬೆಲೆ ತಿಳ್ಕೊಳಕ್ಕೆ ಆನ್‌ಲೈನ್ ಮಾರಾಟದ ಸೈಟ್ ಈಬೇನಲ್ಲಿ ಜನ ಕೇಳ್ತಿರೋ ರೇಟ್ ಅಲ್ಲ, ನಿಜವಾಗ್ಲೂ ಮಾರಾಟ ಆಗಿರೋದನ್ನ ನೋಡಿ.